ಒಂದೇ ಏಟಿಗೆ ಎರಡೂ ಬೀಳದಿರಲಿ: ತುರ್ತು ಸಂಪರ್ಕಕ್ಕೆ ಬದಲಿ ದಾರಿ ಆರಿಸುವುದು ಹೇಗೆ

“ಎರಡು ಕಂಪನಿಗಳಿಂದ ಎರಡು ಲೈನ್ ತೆಗೆದುಕೊಂಡಿದ್ದೇವೆ, ಒಂದು ಹೋದರೆ ಇನ್ನೊಂದು ಇದೆ.” ನಿಯಂತ್ರಣ ಕೊಠಡಿಗಳಲ್ಲಿ ಪದೇ ಪದೇ ಕೇಳಿಬರುವ ಮಾತು ಇದು. 2001ರ ಜುಲೈ 18ರಂದು ಅಮೆರಿಕದ ಬಾಲ್ಟಿಮೋರ್ ನಗರದಡಿಯ ಸುರಂಗದಲ್ಲಿ ಗೂಡ್ಸ್ ರೈಲೊಂದು ಹಳಿ ತಪ್ಪಿ ಬೆಂಕಿ ಹತ್ತಿಕೊಂಡಿತು. ಹಲವು ಕಂಪನಿಗಳ ಫೈಬರ್ ಕೇಬಲ್‌ಗಳು ಅದೇ ಸುರಂಗದೊಳಗೆ ಹಾದುಹೋಗಿದ್ದವು. ಒಂದು ಬೆಂಕಿ, ಒಂದು ಜಾಗ, ಹಲವು ಜಾಲಗಳಿಗೆ ಒಟ್ಟಿಗೆ ಪೆಟ್ಟು. ಬಿಲ್ಲು ಬೇರೆ ಬೇರೆ ಬರುತ್ತಿದ್ದರೂ ದಾರಿ ಒಂದೇ ಆಗಿತ್ತು.

ಆಸ್ಪತ್ರೆ, ವಿದ್ಯುತ್ ಗ್ರಿಡ್, ಅಣೆಕಟ್ಟು, ಅಗ್ನಿಶಾಮಕ ದಳ, ಗಡಿ ಕಾವಲು, ವಿಪತ್ತು ನಿರ್ವಹಣೆ, ಇವುಗಳಲ್ಲಿ ಯಾವುದಕ್ಕೇ ಆಗಲಿ ಬದಲಿ ಸಂಪರ್ಕ ಆರಿಸುವಾಗ ವೇಗ, ಬೆಲೆ, ಬ್ರ್ಯಾಂಡ್ ಎಲ್ಲ ಆಮೇಲಿನ ಮಾತು. ಮೊದಲ ಪ್ರಶ್ನೆ ಇದು: ಈಗಿರುವ ಸಂಪರ್ಕ ಯಾವ ಯಾವ ಕಾರಣಕ್ಕೆ ಕೈಕೊಡಬಹುದು, ಅದೇ ಕಾರಣಕ್ಕೆ ಕೈಕೊಡದ ಇನ್ನೊಂದು ಯಾವುದು? ಈ ಒಂದು ಅಳತೆಗೋಲು ಹಿಡಿದೇ ಕೆಳಗಿನ ಪ್ರತಿಯೊಂದು ಆಯ್ಕೆಯನ್ನೂ ನೋಡಿದ್ದೇವೆ.

ಮೊದಲು: ಕಳಿಸಬೇಕಾದದ್ದು ಎಷ್ಟು?

ಉಪಕರಣ ನೋಡುವುದಕ್ಕೆ ಮುಂಚೆ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಎಲ್ಲವೂ ನಿಂತುಹೋದ ಮೊದಲ 24 ಗಂಟೆಯಲ್ಲಿ ಯಾರು ಯಾರಿಗೆ ಏನನ್ನು ತಿಳಿಸಲೇಬೇಕು? ಈ ಪಟ್ಟಿ ಬಹುತೇಕ ಕಡೆ ನೆನೆಸಿದ್ದಕ್ಕಿಂತ ಚಿಕ್ಕದಾಗಿರುತ್ತದೆ.

500 ರೋಗಿಗಳ ಹೆಸರು, ವಯಸ್ಸು, ರಕ್ತದ ಗುಂಪು, ವಾರ್ಡ್ ಇರುವ ಒಂದು ಸರಳ ಪಟ್ಟಿ ಸುಮಾರು 50 ಕಿಲೋಬೈಟ್ ಅಂದುಕೊಳ್ಳೋಣ. ಅಂದರೆ 4 ಲಕ್ಷ ಬಿಟ್. ಸೆಕೆಂಡಿಗೆ 2,400 ಬಿಟ್ ಸಾಗಿಸುವ ತೀರಾ ನಿಧಾನದ ಸಂಪರ್ಕದಲ್ಲೂ ಇದು ಮೂರು ನಿಮಿಷದೊಳಗೆ ತಲುಪುತ್ತದೆ. ಅದೇ ಪಟ್ಟಿಯ ಹಾಳೆಗೆ ಫೋನ್ ಹಿಡಿದು ತೆಗೆದ 5 ಮೆಗಾಬೈಟ್‌ನ ಫೋಟೋ ಕಳಿಸಹೊರಟರೆ ನಾಲ್ಕೂವರೆ ಗಂಟೆ ದಾಟುತ್ತದೆ. ಹಾಗಾಗಿ ತುರ್ತಿನ ವರದಿಗಳಿಗೆ ಬರೀ ಅಕ್ಷರದ ನಮೂನೆಗಳನ್ನು ಮೊದಲೇ ಸಿದ್ಧ ಮಾಡಿಡುವುದು ಹೊಸ ಉಪಗ್ರಹ ಡಿಶ್ ಕೊಳ್ಳುವಷ್ಟೇ ಮುಖ್ಯ. ಖರ್ಚಂತೂ ಏನೂ ಇಲ್ಲ.

ಎರಡನೇ ಫೈಬರ್ ಲೈನ್

ದಿನನಿತ್ಯದ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಬದಲಿ ಇಲ್ಲ. ಮೊದಲ ಲೈನಿನಷ್ಟೇ ಸಾಮರ್ಥ್ಯ ಸಿಗುತ್ತದೆ, ರಿಂಗ್ ಮಾದರಿಯಲ್ಲಿ ಕಟ್ಟಿದ ಜಾಲದಲ್ಲಿ ಒಂದು ಬದಿ ತುಂಡಾದರೆ 50 ಮಿಲಿಸೆಕೆಂಡಿನೊಳಗೆ ಇನ್ನೊಂದು ಬದಿಗೆ ಹೊರಳಿಕೊಳ್ಳುತ್ತದೆ, ಮಾತಾಡುತ್ತಿರುವವರಿಗೆ ಗೊತ್ತೂ ಆಗುವುದಿಲ್ಲ. ತೊಂದರೆ ಇರುವುದು ನೆಲದಡಿಯಲ್ಲಿ. ಕೇಬಲ್ ಹಾಯುವ ಒಂದೇ ಕೊಳವೆ (ಡಕ್ಟ್), ಒಂದೇ ಸೇತುವೆ, ಕಟ್ಟಡದೊಳಗೆ ಬರುವ ಒಂದೇ ತೂತು, ಕೊನೆಗೆ ಒಂದೇ ಎಕ್ಸ್‌ಚೇಂಜ್. ಇವುಗಳಲ್ಲಿ ಒಂದು ಕಡೆ ಸೇರಿದರೂ ಸಾಕು, ಜೆಸಿಬಿಯ ಒಂದು ಬಕೆಟ್ ಎರಡೂ ಲೈನನ್ನು ಎಳೆದುಹಾಕುತ್ತದೆ.

ಎಕ್ಸ್‌ಚೇಂಜನ್ನು ಜನ ಮರೆಯುವುದು ಹೆಚ್ಚು. 2020ರ ಡಿಸೆಂಬರ್ 25ರಂದು ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ದೂರವಾಣಿ ಕಂಪನಿಯ ಕಟ್ಟಡದ ಮುಂದೆ ವಾಹನವೊಂದು ಸ್ಫೋಟಿಸಿತು. ಕಟ್ಟಡ ನಿಂತೇ ಇತ್ತು. ಆದರೆ ಮುಖ್ಯ ವಿದ್ಯುತ್ ಹೋಯಿತು, ಜನರೇಟರ್‌ಗಳು ಕೈಕೊಟ್ಟವು, ಕೆಳಗಿನ ಅಂತಸ್ತಿಗೆ ನೀರು ನುಗ್ಗಿತು, ಬ್ಯಾಟರಿ ಖಾಲಿಯಾಯಿತು. ಆ ಒಂದು ಕಟ್ಟಡವನ್ನು ನೆಚ್ಚಿಕೊಂಡಿದ್ದ ಊರುಗಳಲ್ಲಿ ತುರ್ತು ಸಂಖ್ಯೆಗೆ ಕರೆಯೇ ಹೋಗದಂತಾಯಿತು.

ಕೊಳ್ಳುವಾಗ ‘ಪ್ರತ್ಯೇಕ ಮಾರ್ಗ’ ಎಂಬ ಬಾಯಿಮಾತಿಗೆ ಒಪ್ಪಬೇಡಿ. ಎರಡೂ ಲೈನಿನ ಮಾರ್ಗನಕ್ಷೆಯನ್ನು ನಕ್ಷೆಯ ಕಡತದ ರೂಪದಲ್ಲೇ ಕೇಳಿ, ಒಂದರ ಮೇಲೊಂದು ಇಟ್ಟು ನೋಡಿ. ಎಲ್ಲೆಲ್ಲಿ 100 ಮೀಟರಿಗಿಂತ ಹತ್ತಿರ ಬರುತ್ತವೋ ಅಲ್ಲಿಗೆ ಹೋಗಿ ಕಣ್ಣಾರೆ ನೋಡಿ. ಕಟ್ಟಡಕ್ಕೆ ಎರಡು ಎದುರುಬದುರು ಗೋಡೆಗಳಿಂದ ಪ್ರವೇಶ ಇರಲಿ. ಕರಾರಿನಲ್ಲಿ ಎರಡು ಬೇರೆ ಎಕ್ಸ್‌ಚೇಂಜ್‌ಗಳ ಹೆಸರು ಬರೆಸಿ. ಇನ್ನೊಂದು ಷರತ್ತು ತುಂಬಾ ಮುಖ್ಯ: ನಮಗೆ ತಿಳಿಸದೆ ಮಾರ್ಗ ಬದಲಿಸಕೂಡದು. ಕಂಪನಿಗಳು ಖರ್ಚು ಉಳಿಸಲು ಹಳೆಯ ಸರ್ಕ್ಯೂಟ್‌ಗಳನ್ನು ಹೊಸ ಕೇಬಲ್‌ಗೆ ಒಟ್ಟುಗೂಡಿಸುತ್ತಲೇ ಇರುತ್ತವೆ. ಮೊದಲ ವರ್ಷ ನಿಜವಾಗಿ ಬೇರೆಯಿದ್ದ ದಾರಿಗಳು ಮೂರನೇ ವರ್ಷಕ್ಕೆ ಒಂದಾಗಿರುವುದು ಹೀಗೆ. ವರ್ಷಕ್ಕೊಮ್ಮೆ ನಕ್ಷೆ ಮತ್ತೆ ತರಿಸಿಕೊಳ್ಳಬೇಕು.

ನಕ್ಷೆ ಕೊಡಲು ಹಿಂದೇಟು ಹಾಕಿದರೆ ಮನೆಮದ್ದಿನಂಥ ಒಂದು ಪರೀಕ್ಷೆ ಇದೆ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ, ಅಂದರೆ 100 ಕಿ.ಮೀ.ಗೆ ಹೋಗಿಬರಲು 1 ಮಿಲಿಸೆಕೆಂಡ್. ಎರಡೂ ಲೈನಿನಿಂದ ಒಂದೇ ದೂರದ ಊರಿಗೆ ಪಿಂಗ್ ಮಾಡಿ (ಸಣ್ಣ ಸಂದೇಶ ಕಳಿಸಿ ಉತ್ತರ ಬರುವ ಹೊತ್ತು ಅಳೆಯಿರಿ), ಕನಿಷ್ಠ ಸಮಯ ಬರೆದುಕೊಳ್ಳಿ. ಎರಡೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಇದ್ದರೆ ದಾರಿಯೂ ಒಂದೇ ಇರಬಹುದೆಂಬ ಅನುಮಾನ ಸರಿ. ಇದು ಪುರಾವೆಯಲ್ಲ, ಆದರೆ ಪ್ರಶ್ನೆ ಕೇಳಲು ಸಾಕಷ್ಟು ಆಧಾರ.

ಸಮುದ್ರದಡಿಯ ಕೇಬಲ್: ದೇಶದ ಮಟ್ಟದ ಆಯ್ಕೆ

ಖಂಡಗಳ ನಡುವಿನ ದತ್ತಾಂಶದಲ್ಲಿ ಶೇ 95ಕ್ಕೂ ಹೆಚ್ಚು ಸಾಗುವುದು ಸಮುದ್ರದಡಿಯ ಕೇಬಲ್‌ಗಳಲ್ಲಿ, ಉಪಗ್ರಹಗಳಲ್ಲಿ ಅಲ್ಲ. ಆಳ ಸಮುದ್ರದಲ್ಲಿ ಆ ಕೇಬಲ್‌ನ ದಪ್ಪ ತೋಟಕ್ಕೆ ನೀರು ಬಿಡುವ ಪೈಪಿನಷ್ಟು, ಸುಮಾರು 2 ಸೆಂ.ಮೀ. ದಡದ ಹತ್ತಿರ ಉಕ್ಕಿನ ತಂತಿಗಳ ಕವಚ ಸುತ್ತಿರುತ್ತಾರೆ. ಜಗತ್ತಿನಲ್ಲಿ ವರ್ಷಕ್ಕೆ 150ರಿಂದ 200 ಕಡೆ ಕೇಬಲ್ ಕೆಡುತ್ತದೆ. ಬಹುಪಾಲು ಕಾರಣ ಮೀನಿನ ಬಲೆ ಮತ್ತು ಹಡಗಿನ ಲಂಗರು. ಬೇಕೆಂದೇ ಕತ್ತರಿಸುವ ಭಯ ನಿಜವಾದದ್ದೇ, ಆದರೆ ಲಂಗರಿನಿಂದ ಕಾಪಾಡುವ ಯೋಜನೆ ಇಲ್ಲದವರು ಶತ್ರುವಿನಿಂದ ಕಾಪಾಡುವ ಮಾತಾಡಲು ಇನ್ನೂ ಸಿದ್ಧರಾಗಿಲ್ಲ.

2006ರ ಡಿಸೆಂಬರ್ 26ರಂದು ತೈವಾನ್‌ನ ದಕ್ಷಿಣಕ್ಕೆ ಭೂಕಂಪವಾಗಿ, ಸಮುದ್ರದಡಿ ಮಣ್ಣು ಜಾರಿ, ಲುಜಾನ್ ಜಲಸಂಧಿಯಲ್ಲಿ ಒಂಬತ್ತು ಕೇಬಲ್‌ಗಳು ತುಂಡಾದವು. ಸರಿಪಡಿಸಲು 11 ಹಡಗುಗಳು, 49 ದಿನ ಬೇಕಾಯಿತು. 2024ರ ಮಾರ್ಚ್‌ನಲ್ಲಿ ಪಶ್ಚಿಮ ಆಫ್ರಿಕಾದ ಕರಾವಳಿಯಾಚೆ ಒಂದೇ ದಿನ ನಾಲ್ಕು ಕೇಬಲ್ ಹೋದವು. ಟೊಂಗಾದ ಕಥೆ ಇನ್ನೂ ಕಠಿಣ. 2022ರ ಜನವರಿ 15ರ ಜ್ವಾಲಾಮುಖಿ ಸ್ಫೋಟಕ್ಕೆ ಹೊರಜಗತ್ತಿಗಿದ್ದ ಒಂದೇ ಕೇಬಲ್ ಹೋಯಿತು, ಮತ್ತೆ ಜೋಡಿಸಲು ಐದು ವಾರ ಹಿಡಿಯಿತು. ಎಲ್ಲೆಡೆ ಪಾಠ ಒಂದೇ: ಒಂದೇ ಜಲಸಂಧಿ, ಒಂದೇ ಕಣಿವೆ ದಾಟುವ ಹತ್ತು ಕೇಬಲ್‌ಗಳಿಗಿಂತ ಬೇರೆ ಬೇರೆ ಸಮುದ್ರಕ್ಕೆ ಮುಖಮಾಡಿದ ಎರಡು ಮೇಲು. ದಡ ಸೇರುವ ನಿಲ್ದಾಣಗಳೂ ಬೇರೆ ಬೇರೆ ಊರಿನಲ್ಲಿರಬೇಕು.

ಹೋಲಿಸುವಾಗ ಕೇಳಬೇಕಾದ್ದು ಮೂರು. ದುರಸ್ತಿ ಹಡಗು ಯಾವ ಬಂದರಿನಿಂದ ಬರುತ್ತದೆ? ಬಿಡಿ ಕೇಬಲ್ ಮತ್ತು ಬಿಡಿ ರಿಪೀಟರ್ (ದಾರಿಯಲ್ಲಿ ಸಿಗ್ನಲ್‌ಗೆ ಮತ್ತೆ ಬಲ ತುಂಬುವ ಸಾಧನ) ದಾಸ್ತಾನು ಎಲ್ಲಿದೆ? ದುರಸ್ತಿಗೆ ಯಾವ ಯಾವ ದೇಶದ ಅನುಮತಿ ಬೇಕು? ಹಡಗು ತಯಾರಾಗಿದ್ದರೂ ಅನುಮತಿಗಾಗಿ ವಾರಗಟ್ಟಲೆ ಕಾಯುವುದು ಸಾಮಾನ್ಯ. 2024ರ ಫೆಬ್ರುವರಿಯಲ್ಲಿ ಕೆಂಪು ಸಮುದ್ರದಲ್ಲಿ ಮೂರು ಕೇಬಲ್ ತುಂಡಾದಾಗ ಯುದ್ಧದ ಅಪಾಯ ಮತ್ತು ಅನುಮತಿಯ ತೊಡಕು ಸೇರಿ ದುರಸ್ತಿ ತಿಂಗಳುಗಟ್ಟಲೆ ಎಳೆಯಿತು.

ಕೇಬಲ್ ಹಾಕಿಸುವುದು ನಿಮ್ಮ ಕೈಯಲ್ಲಿಲ್ಲದಿದ್ದರೂ ಒಂದು ಕೆಲಸ ನಿಮ್ಮದೇ. ದೇಶದೊಳಗಿನ ಎರಡು ಕಚೇರಿಗಳು ಮಾತಾಡಲು ಬೇಕಾದ ಲಾಗಿನ್ ಸರ್ವರ್, ಡಿಎನ್‌ಎಸ್ (ಜಾಲತಾಣದ ಹೆಸರನ್ನು ಅಂಕಿಯ ವಿಳಾಸಕ್ಕೆ ಬದಲಿಸುವ ಸೇವೆ), ಸಂದೇಶ ಸೇವೆ ಯಾವುದಾದರೂ ಸಮುದ್ರದಾಚೆ ಇದೆಯೇ ನೋಡಿ. ಹೊರಗಿನ ಲೈನ್ ಮುಚ್ಚಿ ಒಂದು ಗಂಟೆ ಕೆಲಸ ಮಾಡಿಸಿದರೆ ಪಟ್ಟಿ ತಾನಾಗಿಯೇ ಸಿದ್ಧವಾಗುತ್ತದೆ.

ಮೊಬೈಲ್ ಜಾಲ ಮತ್ತು ಆದ್ಯತೆಯ ಕರೆ

ಮೊಬೈಲ್ ಎಲ್ಲರ ಕೈಯಲ್ಲೂ ಇದೆ, ಅದೇ ಅದರ ಬಲ, ಅದೇ ಅದರ ದೌರ್ಬಲ್ಯ. 2011ರ ಜಪಾನ್ ಭೂಕಂಪದ ದಿನ ಅಲ್ಲಿನ ಕಂಪನಿಗಳು ಜಾಲ ಕುಸಿಯದಿರಲೆಂದು ಧ್ವನಿ ಕರೆಗಳಿಗೆ ಶೇ 70ರಿಂದ 95ರವರೆಗೆ ತಡೆ ಹಾಕಬೇಕಾಯಿತು. ಡೇಟಾಗೆ ಹಾಕಿದ ತಡೆ ತೀರಾ ಕಡಿಮೆ. ಎಲ್ಲರೂ ಏಕಕಾಲಕ್ಕೆ ಕರೆ ಮಾಡುವಾಗ ಮಾತಿಗಿಂತ ಸಂದೇಶ ಬೇಗ ದಾಟುತ್ತದೆ ಎಂಬುದನ್ನು ಸಿಬ್ಬಂದಿಗೆ ಮೊದಲೇ ಹೇಳಿಕೊಟ್ಟಿರಬೇಕು.

ದಟ್ಟಣೆಗೆ ಮದ್ದು ಆದ್ಯತೆ. ಇದರಲ್ಲಿ ಮೂರು ಬೇರೆ ಬೇರೆ ಸೌಲಭ್ಯಗಳಿವೆ. ಒಂದು ಕೊಂಡರೆ ಮೂರೂ ಬಂತು ಅಂದುಕೊಳ್ಳುವುದು ದೊಡ್ಡ ತಪ್ಪು. ಮೊದಲನೆಯದು ಟವರ್ ಹತ್ತುವ ಆದ್ಯತೆ: ಸಿಮ್‌ನಲ್ಲಿ 11ರಿಂದ 15ರವರೆಗಿನ ವಿಶೇಷ ಪ್ರವೇಶ ವರ್ಗ ಬರೆದಿದ್ದರೆ, ಸಾಮಾನ್ಯ ಗ್ರಾಹಕರಿಗೆ ಬಾಗಿಲು ಮುಚ್ಚಿದಾಗಲೂ ಆ ಫೋನಿಗೆ ಟವರ್ ಒಪ್ಪಿಗೆ ಕೊಡುತ್ತದೆ. ಬ್ರಿಟನ್ನಿನ ಎಂಟಿಪಿಎಎಸ್, ಅಮೆರಿಕದ ಡಬ್ಲ್ಯುಪಿಎಸ್ ಮೊಬೈಲ್‌ಗಾಗಿಯೇ ಇರುವ ವ್ಯವಸ್ಥೆಗಳು. ಎರಡನೆಯದು ಕರೆ ಮುಂದೆ ಸಾಗುವಾಗಿನ ಆದ್ಯತೆ, ಅಮೆರಿಕದ ಗೆಟ್ಸ್ ಹಾಗೆ: ಯಾವುದೇ ಫೋನಿನಿಂದ ನಿಗದಿತ ಸಂಖ್ಯೆ ಒತ್ತಿ, ಪಿನ್ ಕೊಟ್ಟರೆ ಕರೆ ಸಾಲಿನ ಮುಂದಕ್ಕೆ ಹೋಗುತ್ತದೆ. ಮೂರನೆಯದು ದುರಸ್ತಿಯ ಆದ್ಯತೆ. ಅಮೆರಿಕದ ಟಿಎಸ್‌ಪಿಯಲ್ಲಿ 1ರಿಂದ 5ರವರೆಗೆ ದರ್ಜೆಗಳಿದ್ದು, ದರ್ಜೆ ಪಡೆದ ಸರ್ಕ್ಯೂಟನ್ನೇ ಕಂಪನಿ ಮೊದಲು ಸರಿಪಡಿಸಬೇಕು. ಮೂರಕ್ಕೂ ಅರ್ಜಿ ಹಾಕಬೇಕಾದ್ದು ಅನಾಹುತಕ್ಕೆ ಮುಂಚೆ. ಬೆಂಕಿ ಬಿದ್ದಾಗ ಬಾವಿ ತೋಡಲು ಇಲ್ಲಿ ಅವಕಾಶವೇ ಇಲ್ಲ. ಪಿನ್ ಚೀಟಿ ಮೇಜಿನ ಖಾನೆಯಲ್ಲಿದ್ದು ಅಧಿಕಾರಿ ರಸ್ತೆಯಲ್ಲಿದ್ದರೆ ಅದೂ ಉಪಯೋಗಕ್ಕಿಲ್ಲ. ಪರ್ಸಿನಲ್ಲಿರಲಿ, ತಿಂಗಳಿಗೊಮ್ಮೆ ಬಳಸಿ ನೋಡಲಿ.

ಆದರೆ ಸತ್ತ ಟವರಿನಲ್ಲಿ ಆದ್ಯತೆಗೆ ಅರ್ಥವಿಲ್ಲ. ಟವರಿನ ಬ್ಯಾಟರಿ ಸಾಮಾನ್ಯವಾಗಿ 2ರಿಂದ 8 ಗಂಟೆ ಬರುತ್ತದೆ. 2017ರಲ್ಲಿ ಮರಿಯಾ ಚಂಡಮಾರುತ ಹಾದುಹೋದ ಮೇಲೆ ಪೋರ್ಟೊರಿಕೊದಲ್ಲಿ ಶೇ 95ರಷ್ಟು ಟವರ್‌ಗಳು ನಿಂತಿದ್ದವು. ಜಾಲದ ಒಡಲೇ ಕೆಟ್ಟರೆ ಪರಿಸ್ಥಿತಿ ಇನ್ನೂ ವಿಚಿತ್ರ. 2022ರ ಜುಲೈ 8ರಂದು ಕೆನಡಾದ ರಾಜರ್ಸ್ ಜಾಲ ಒಂದು ತಪ್ಪು ಸೆಟ್ಟಿಂಗ್‌ನಿಂದ ಕುಸಿದಾಗ 1.2 ಕೋಟಿಗೂ ಹೆಚ್ಚು ಗ್ರಾಹಕರ ಸಂಪರ್ಕ ಹೋಯಿತು. ಮೊಬೈಲ್ ಮತ್ತು ತಂತಿಯ ಇಂಟರ್ನೆಟ್ ಎರಡೂ ಒಂದೇ ಕೋರ್ (ಜಾಲದ ಕೇಂದ್ರ ಭಾಗ) ಮೇಲೆ ನಿಂತಿದ್ದವು. ಟವರ್‌ಗಳು ಮಾತ್ರ ಸಿಗ್ನಲ್ ಬಿಡುತ್ತಲೇ ಇದ್ದವು, ಆದ್ದರಿಂದ ಹಲವು ಫೋನುಗಳು ಅದಕ್ಕೇ ಅಂಟಿಕೊಂಡು, ತುರ್ತು ಕರೆಗೂ ಬೇರೆ ಕಂಪನಿಯ ಜಾಲಕ್ಕೆ ಹೋಗಲಿಲ್ಲ. ಅಂಥ ಸಮಯದಲ್ಲಿ ಸಿಮ್ ಹೊರತೆಗೆದರೆ, ಸಿಮ್ ಇಲ್ಲದ ಫೋನಿನಿಂದ ತುರ್ತು ಕರೆಗೆ ಅವಕಾಶವಿರುವ ದೇಶಗಳಲ್ಲಿ, ಫೋನ್ ಸಿಕ್ಕ ಜಾಲದಿಂದ ಕರೆ ಮಾಡುತ್ತದೆ.

ಎರಡು ಸಿಮ್ ಇಟ್ಟುಕೊಳ್ಳುವುದಾದರೆ ಅವೆರಡೂ ಒಂದೇ ಟವರ್ ಕಂಬ, ಒಂದೇ ಫೈಬರ್ ಹಂಚಿಕೊಂಡಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಇಂಟರ್ನೆಟ್‌ಗೂ ಫೋನಿಗೂ ಒಂದೇ ಕಂಪನಿ ಬೇಡ.

ಮೈಕ್ರೋವೇವ್ ಲಿಂಕ್

ಎರಡು ಕಟ್ಟಡಗಳು ಒಂದಕ್ಕೊಂದು ಕಾಣುತ್ತಿದ್ದರೆ, ಡಿಶ್‌ನಿಂದ ಡಿಶ್‌ಗೆ ರೇಡಿಯೋ ಅಲೆಯಲ್ಲಿ ಸಾಗುವ, ನೆಲ ಅಗೆಯುವ ಅಪಾಯವೇ ಇಲ್ಲದ ಒಳ್ಳೆಯ ದಾರಿ ಇದು. ಬರೀ ಕಣ್ಣಿಗೆ ಕಂಡರೆ ಸಾಲದು, ನಡುವೆ ಗಾಳಿಯಲ್ಲಿ ಜಾಗವೂ ಬೇಕು. 6 ಗಿಗಾಹರ್ಟ್ಸ್‌ನ 10 ಕಿ.ಮೀ. ಲಿಂಕಿಗೆ ನಡುಮಧ್ಯದಲ್ಲಿ ಅಲೆಗಳು ಹರಡುವ ಮುಖ್ಯ ವಲಯದ ತ್ರಿಜ್ಯ 11 ಮೀಟರ್. ಅದರ ಶೇ 60, ಅಂದರೆ ಸುಮಾರು 6.7 ಮೀಟರ್, ಮರ ಮಾಳಿಗೆಗಳಿಂದ ಮುಕ್ತವಾಗಿರಬೇಕು. ಹಾಕಿದ ವರ್ಷ ಚೆನ್ನಾಗಿದ್ದ ಲಿಂಕ್ ನಾಲ್ಕು ವರ್ಷಕ್ಕೆ ಸೊರಗಿದರೆ ಮೊದಲು ಮರಗಳನ್ನು ನೋಡಿ. 10 ಗಿಗಾಹರ್ಟ್ಸ್ ಮೇಲಿನ ಬ್ಯಾಂಡ್‌ಗಳಲ್ಲಿ ಜೋರು ಮಳೆ ಸಿಗ್ನಲ್ ತಿನ್ನುತ್ತದೆ, ಚಂಡಮಾರುತದ ದಿನವೇ ಲಿಂಕ್ ಹೋಗುವುದು ಇದರಿಂದ. ಬಿರುಗಾಳಿಗೆ ಡಿಶ್ ಒಂದೆರಡು ಡಿಗ್ರಿ ತಿರುಗಿದರೂ ಸಂಪರ್ಕ ಕಡಿಯುತ್ತದೆ. ಕಂಬಕ್ಕೆ ಆಧಾರ ಕಂಬಿ ಕಟ್ಟಿ, ಬೋಲ್ಟ್‌ಗಳ ಮೇಲೆ ಬಣ್ಣದ ಗೆರೆ ಎಳೆದಿಡಿ. ಸರಿದಿದೆಯೋ ಇಲ್ಲವೋ ಕೆಳಗಿನಿಂದಲೇ ಕಾಣುತ್ತದೆ.

ಉಪಗ್ರಹ: ಎತ್ತರದ್ದೋ, ತಗ್ಗಿನದೋ, ಸಣ್ಣ ಫೋನೋ

ನೆಲದ ಮೇಲಿನ ಅನಾಹುತದಿಂದ ತಪ್ಪಿಸಿಕೊಳ್ಳುವ ನೇರ ದಾರಿ ಆಕಾಶ. ಆದರೆ ‘ಉಪಗ್ರಹ’ ಎಂಬ ಒಂದೇ ಹೆಸರಿನಡಿ ಮೂರು ಬಗೆಯ ಸೇವೆಗಳಿವೆ.

ಭೂಸ್ಥಿರ ಉಪಗ್ರಹ 35,786 ಕಿ.ಮೀ. ಎತ್ತರದಲ್ಲಿ ಒಂದೇ ಜಾಗದಲ್ಲಿ ನಿಂತಂತೆ ಕಾಣುತ್ತದೆ. ಡಿಶ್ ಒಮ್ಮೆ ತಿರುಗಿಸಿ ಬಿಗಿದರೆ ಆಯಿತು. ಸಿಗ್ನಲ್ ಹೋಗಿಬರಲು ಅರ್ಧ ಸೆಕೆಂಡಿಗೂ ಹೆಚ್ಚು ಬೇಕು, ಹಾಗಾಗಿ ಮಾತಿನಲ್ಲಿ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಮಾತು ಮುಗಿದ ಮೇಲೆ ‘ಓವರ್’ ಎನ್ನುವ ಅಭ್ಯಾಸ ಬೇಕು. ಕೆಯು ಮತ್ತು ಕೆಎ ಎಂಬ ಹೆಚ್ಚಿನ ಆವರ್ತನದ ಬ್ಯಾಂಡ್‌ಗಳಿಗೆ ಮಳೆಯ ಕಾಟ ಇದೆ, ಕೆಎಗೆ ಇನ್ನೂ ಹೆಚ್ಚು.

ತಗ್ಗಿನ ಕಕ್ಷೆಯ ಜಾಲಗಳು, ಸ್ಟಾರ್‌ಲಿಂಕ್‌ನಂಥವು, ಸುಮಾರು 550 ಕಿ.ಮೀ. ಎತ್ತರದಲ್ಲಿವೆ. ವೇಗವಿದೆ, ವಿಳಂಬ ಕಡಿಮೆ, ವಿಡಿಯೋ ಕರೆಯೂ ನಡೆಯುತ್ತದೆ. ಪ್ರತಿಯಾಗಿ ಡಿಶ್‌ಗೆ ಆಕಾಶದ ಅಗಲ ಭಾಗ ತೆರೆದಿರಬೇಕು. ಗೋಡೆಯ ಬದಿಗೆ ಇಟ್ಟರೆ ಪ್ರತಿ ಕೆಲವು ನಿಮಿಷಕ್ಕೊಮ್ಮೆ ಕೆಲವು ಸೆಕೆಂಡ್ ಕಡಿಯುತ್ತದೆ, ಕರೆಗಳು ಬೀಳುತ್ತವೆ. ಡಿಶ್ ಎಳೆಯುವುದು ಸರಾಸರಿ 75 ವ್ಯಾಟ್ ಎಂದರೆ ದಿನಕ್ಕೆ 1,800 ವ್ಯಾಟ್-ಗಂಟೆ. 12 ವೋಲ್ಟ್, 100 ಆಂಪಿಯರ್-ಗಂಟೆಯ ಲೆಡ್ ಆಸಿಡ್ ಬ್ಯಾಟರಿಯಲ್ಲಿ ನೆಚ್ಚಬಹುದಾದ್ದು ಅರ್ಧ, 600 ವ್ಯಾಟ್-ಗಂಟೆ. ಇನ್ವರ್ಟರ್ ತಿನ್ನುವುದನ್ನೂ ಸೇರಿಸಿದರೆ ಒಂದು ದಿನಕ್ಕೆ ನಾಲ್ಕು ಬ್ಯಾಟರಿ ಬೇಕು.

ಎಲ್-ಬ್ಯಾಂಡ್ ಎಂಬ ಕಡಿಮೆ ಆವರ್ತನದ ಉಪಗ್ರಹ ಕೈಫೋನುಗಳು ಮೂರನೆಯ ಬಗೆ. ಇರಿಡಿಯಂನ 66 ಉಪಗ್ರಹಗಳು 780 ಕಿ.ಮೀ. ಎತ್ತರದಲ್ಲಿ ಒಂದಕ್ಕೊಂದು ನೇರ ಮಾತಾಡಿಕೊಳ್ಳುತ್ತವೆ, ಧ್ರುವಗಳಲ್ಲೂ ಸಿಗುತ್ತವೆ. ಮಳೆ ಇವುಗಳಿಗೆ ಲೆಕ್ಕಕ್ಕೇ ಇಲ್ಲ. ವೇಗ ತೀರಾ ಕಡಿಮೆ, ಕಟ್ಟಡದೊಳಗೆ ಕೆಲಸ ಮಾಡುವುದಿಲ್ಲ. ನಿಯಂತ್ರಣ ಕೊಠಡಿಗೆ ಮಾಳಿಗೆಯ ಮೇಲೆ ಆಂಟೆನಾ ಹಾಕಿ ಕೇಬಲ್ ಎಳೆದ ಸ್ಥಿರ ಸೆಟ್ಟನ್ನೇ ಕೊಳ್ಳಿ. ಬೀದಿಗೆ ಬಂದು ನಿಂತವರು ಮಾತ್ರ ಮಾತಾಡಬಹುದಾದ ಫೋನು ಕೊಠಡಿಗೆ ಬಂದ ಕರೆಯನ್ನು ತೆಗೆದುಕೊಳ್ಳಲಾರದು.

ಮೂರನ್ನೂ ಹೋಲಿಸುವಾಗ ಕೇಳಬೇಕಾದ ಅಸಲಿ ಪ್ರಶ್ನೆ: ಆಕಾಶಕ್ಕೆ ಹೋದ ಮಾತು ನೆಲಕ್ಕೆ ಇಳಿಯುವುದು ಎಲ್ಲಿ? ಆ ಇಳಿದಾಣ (ಗೇಟ್‌ವೇ) ನಿಮ್ಮದೇ ಪ್ರದೇಶದಲ್ಲಿದ್ದು, ನಿಮ್ಮದೇ ಕೇಬಲ್ ನೆಚ್ಚಿಕೊಂಡಿದ್ದರೆ ನೀವು ಕೊಂಡದ್ದು ಬದಲಿ ದಾರಿಯಲ್ಲ. ಇನ್ನೊಂದು, ತಂತ್ರಾಂಶದ ಅಪಾಯ. 2022ರ ಫೆಬ್ರುವರಿ 24ರಂದು ಕೆಎ-ಸ್ಯಾಟ್ ಉಪಗ್ರಹ ಇಂಟರ್ನೆಟ್ ಜಾಲದ ಮೇಲೆ ಸೈಬರ್ ದಾಳಿಯಾಗಿ ಸಾವಿರಾರು ಮೋಡೆಮ್‌ಗಳ ಮೆಮೊರಿ ಅಳಿಸಿಹೋಯಿತು. ಉಪಗ್ರಹಕ್ಕೆ ಏನೂ ಆಗಿರಲಿಲ್ಲ. ಯುದ್ಧ ನಡೆದದ್ದು ಉಕ್ರೇನಿನಲ್ಲಿ, ಜರ್ಮನಿಯ ಸುಮಾರು 5,800 ಗಾಳಿಯಂತ್ರಗಳ ದೂರನಿಯಂತ್ರಣವೂ ಅದೇ ಮೋಡೆಮ್‌ಗಳಿಂದಾಗಿ ಹೋಯಿತು. ಹಾಗಾಗಿ ಬಿಡಿ ಮೋಡೆಮ್ ಒಂದನ್ನು ವಿದ್ಯುತ್ ಹಾಕದೆ ಪೆಟ್ಟಿಗೆಯಲ್ಲೇ ಇಡುವುದು ಜಾಣತನ. ಮೂರು ತಿಂಗಳಿಗೊಮ್ಮೆ ಮಾತ್ರ ತೆಗೆದು ತಂತ್ರಾಂಶ ಹೊಸದಾಗಿಸಿ ಮತ್ತೆ ಒಳಗಿಡಿ.

ಗಡಿ ದಾಟುವವರಿಗೆ ಒಂದು ಮಾತು. ಹಲವು ದೇಶಗಳಲ್ಲಿ ಅನುಮತಿಯಿಲ್ಲದೆ ಉಪಗ್ರಹ ಫೋನ್ ಇಟ್ಟುಕೊಳ್ಳುವುದು ಅಪರಾಧ. ವಿಪತ್ತು ಪರಿಹಾರಕ್ಕೆ ಸಂಪರ್ಕ ಸಾಧನ ಒಯ್ಯುವುದನ್ನು ಸುಲಭ ಮಾಡಲೆಂದೇ 1998ರಲ್ಲಿ ಟಾಂಪೆರೆ ಒಪ್ಪಂದ ಆಯಿತು, 2005ರ ಜನವರಿ 8ರಿಂದ ಜಾರಿಯಲ್ಲಿದೆ. ಹೋಗುವ ದೇಶ ಅದನ್ನು ಅಂಗೀಕರಿಸಿದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಎಚ್‌ಎಫ್ ರೇಡಿಯೋ: ಯಾರ ಹಂಗೂ ಇಲ್ಲದ್ದು

ಎಚ್‌ಎಫ್ ಎಂದರೆ ಶಾರ್ಟ್‌ವೇವ್ ರೇಡಿಯೋ. ಟವರ್ ಬೇಡ, ಕೇಬಲ್ ಬೇಡ, ಉಪಗ್ರಹ ಬೇಡ, ತಿಂಗಳ ಬಾಡಿಗೆ ಬೇಡ. ಎರಡು ಸೆಟ್, ಎರಡು ತಂತಿ, ನಡುವೆ ಅಲೆಗಳನ್ನು ನೆಲದತ್ತ ಹಿಂದಿರುಗಿಸುವ ಮೇಲಿನ ವಾಯುಪದರ, ಅಯಾನುಗೋಳ. ಇಡೀ ಪಟ್ಟಿಯಲ್ಲಿ ಬೇರೆ ಯಾರ ಜಾಲವನ್ನೂ ನೆಚ್ಚಿಕೊಳ್ಳದೆ ನೂರಾರು ಕಿ.ಮೀ. ತಲುಪುವ ಆಯ್ಕೆ ಇದೊಂದೇ, ಆದ್ದರಿಂದ ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು.

ತುರ್ತಿನಲ್ಲಿ ಬೇಕಾದ್ದು ಸಾಮಾನ್ಯವಾಗಿ 0ಯಿಂದ 400 ಕಿ.ಮೀ. ವ್ಯಾಪ್ತಿ, ಖಂಡಾಂತರ ಅಲ್ಲ. ಅದಕ್ಕೆ ಆಂಟೆನಾವನ್ನು ಎತ್ತರಕ್ಕೆ ಕಟ್ಟಬಾರದು, ತಗ್ಗಿನಲ್ಲಿ ಕಟ್ಟಬೇಕು. ಆಗ ಅಲೆಗಳು ನೇರ ಮೇಲಕ್ಕೆ ಹೋಗಿ ಕಾರಂಜಿಯಂತೆ ಸುತ್ತಲೂ ಇಳಿಯುತ್ತವೆ, ಗುಡ್ಡ ಕಣಿವೆಗಳು ಅಡ್ಡ ಬರುವುದಿಲ್ಲ. ಡೈಪೋಲ್‌ನ (ನಡುವಿನಿಂದ ಎರಡು ಬದಿಗೆ ಚಾಚಿದ ತಂತಿಯ ಆಂಟೆನಾ) ಉದ್ದ ಮೀಟರಿನಲ್ಲಿ ಬೇಕಾದರೆ 143 ಅನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ. 7 ಮೆಗಾಹರ್ಟ್ಸ್‌ಗೆ 20.4 ಮೀಟರ್, ಎರಡು ಬದಿಗೆ 10.2 ಮೀಟರ್‌ನಂತೆ. ತಂತಿಯನ್ನು ಲೆಕ್ಕಕ್ಕಿಂತ ಅರ್ಧ ಮೀಟರ್ ಹೆಚ್ಚು ಉದ್ದವಾಗಿಯೇ ಕತ್ತರಿಸಿ, ಕಟ್ಟಿದ ಮೇಲೆ ಆಂಟೆನಾ ಎಷ್ಟು ಹೊಂದಿದೆ ಎಂದು ತೋರಿಸುವ ಉಪಕರಣ ನೋಡಿಕೊಂಡು ಎರಡೂ ತುದಿಯಿಂದ ಸಮನಾಗಿ ಮಡಚುತ್ತಾ ಬನ್ನಿ. ಎತ್ತರ 4ರಿಂದ 8 ಮೀಟರ್ ಸಾಕು. ಹಗಲು 5ರಿಂದ 8 ಮೆಗಾಹರ್ಟ್ಸ್, ರಾತ್ರಿ 2.5ರಿಂದ 5 ಮೆಗಾಹರ್ಟ್ಸ್ ಸುತ್ತ ಕೆಲಸ ಮಾಡುತ್ತದೆ. ಒಂದೇ ಆವರ್ತನದ ಪರವಾನಗಿ ತೆಗೆದುಕೊಂಡವರಿಗೆ ಸಂಜೆಯಾದ ಕೂಡಲೇ ‘ಸೆಟ್ ಕೆಟ್ಟಿದೆ’ ಅನ್ನಿಸುವುದು ಇದರಿಂದಲೇ. ಕನಿಷ್ಠ ಎರಡು, ಸಾಧ್ಯವಾದರೆ ನಾಲ್ಕು ಆವರ್ತನಗಳಿಗೆ ಅನುಮತಿ ಪಡೆದು, ಎಷ್ಟು ಗಂಟೆಗೆ ಯಾವುದು ಎಂಬ ಚೀಟಿಯನ್ನು ಸೆಟ್ಟಿನ ಮೇಲೇ ಅಂಟಿಸಿ.

ಬ್ಯಾಟರಿಯ ಲೆಕ್ಕ: 100 ವ್ಯಾಟ್ ಸೆಟ್ ಮಾತಾಡುವಾಗ ಸುಮಾರು 20 ಆಂಪಿಯರ್, ಕೇಳುವಾಗ 1.2 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಗಂಟೆಗೆ ಆರು ನಿಮಿಷ ಮಾತಾಡಿದರೆ ಸರಾಸರಿ 3 ಆಂಪಿಯರ್, ದಿನಕ್ಕೆ ಸುಮಾರು 75 ಆಂಪಿಯರ್-ಗಂಟೆ. ಲೆಡ್ ಆಸಿಡ್ ಆದರೆ 150, ಲಿಥಿಯಂ ಐರನ್ ಫಾಸ್ಫೇಟ್ ಆದರೆ 100 ಆಂಪಿಯರ್-ಗಂಟೆಯದು ಸಾಕು. ಮೇಲೆ ಹೇಳಿದ ಡಿಶ್‌ನ ಲೆಕ್ಕದೊಂದಿಗೆ ಇದನ್ನು ಇಟ್ಟು ನೋಡಿ.

ಕೊರತೆಗಳೂ ಇವೆ. ಸೂರ್ಯನಲ್ಲಿ ದೊಡ್ಡ ಜ್ವಾಲೆ ಎದ್ದರೆ ಹಗಲಿರುವ ಕಡೆ ಕೆಲವು ನಿಮಿಷದಿಂದ ಒಂದೆರಡು ಗಂಟೆ ಎಚ್‌ಎಫ್ ಮೌನವಾಗುತ್ತದೆ. ಕಡಿಮೆ ಆವರ್ತನಕ್ಕೆ ಏಟು ಹೆಚ್ಚು. ಕೇಳಿಸಿಕೊಳ್ಳಬಾರದವರೂ ಕೇಳಿಸಿಕೊಳ್ಳಬಹುದು, ಗುಪ್ತ ಮಾತಿಗೆ ಗೂಢಲಿಪೀಕರಣದ ಸೆಟ್ ಬೇಕು. ಎಲ್ಲಕ್ಕಿಂತ ದೊಡ್ಡ ಕೊರತೆ ಮನುಷ್ಯರದು. ಬಳಸುವವರಿಲ್ಲದೆ ಬೀರುವಿನಲ್ಲಿ ಕುಳಿತ ಸೆಟ್ ಆರು ತಿಂಗಳಲ್ಲಿ ಯಾರಿಗೂ ಬಾರದ ಸೆಟ್ ಆಗುತ್ತದೆ. ವಾರಕ್ಕೊಮ್ಮೆ ನಿಗದಿತ ಹೊತ್ತಿಗೆ ಎಲ್ಲ ಠಾಣೆಗಳ ಹಾಜರಿ ತೆಗೆದುಕೊಳ್ಳುವ ಕಡೆಗಳಲ್ಲಿ ಮಾತ್ರ ಎಚ್‌ಎಫ್ ಅನ್ನು ನೆಚ್ಚಬಹುದು.

ತಂತಿ ಸರಿಯಿದ್ದರೂ ಬೀಳುವ ಜಾಲ

2008ರ ಫೆಬ್ರುವರಿ 24ರಂದು ಪಾಕಿಸ್ತಾನದ ದೂರಸಂಪರ್ಕ ಕಂಪನಿಯೊಂದು ತನ್ನ ದೇಶದೊಳಗೆ ಯೂಟ್ಯೂಬ್ ತಡೆಯಲು ಹಾಕಿದ ಮಾರ್ಗಸೂಚನೆ ಹೊರಗೆ ಸೋರಿ, ಜಗತ್ತಿನ ಹಲವೆಡೆಯ ಯೂಟ್ಯೂಬ್ ಸಂಚಾರ ಅತ್ತ ತಿರುಗಿತು. ಜಾಲದಿಂದ ಜಾಲಕ್ಕೆ ದಾರಿ ತಿಳಿಸುವ ಬಿಜಿಪಿ ನಿಯಮದಂತೆ ನಡೆಯುವ ರೂಟರ್‌ಗಳು ಹೆಚ್ಚು ಕಿರಿದಾದ ವಿಳಾಸ ಗುಂಪಿನ ಮಾತನ್ನೇ ನಂಬುತ್ತವೆ, ಹೇಳಿದವರು ಯಾರೆಂದು ಕೇಳುವುದಿಲ್ಲ. ನಿಮಗೆ ಸ್ವಂತ ವಿಳಾಸ ಗುಂಪು ಇದ್ದರೆ ಯಾವ ಗುಂಪನ್ನು ಯಾರು ಘೋಷಿಸಬಹುದೆಂದು ದಾಖಲಿಸುವ ಆರ್‌ಪಿಕೆಐ ವ್ಯವಸ್ಥೆಯಲ್ಲಿ ದಾಖಲೆ ಮಾಡಿಸಿ, ಗರಿಷ್ಠ ಉದ್ದವನ್ನು (ಗುಂಪನ್ನು ಎಷ್ಟು ಕಿರಿದಾಗಿ ಒಡೆದು ಘೋಷಿಸಬಹುದೆಂಬ ಮಿತಿ) ನೀವು ನಿಜವಾಗಿ ಘೋಷಿಸುವಷ್ಟಕ್ಕೇ ಬಿಗಿಗೊಳಿಸಿ. ಸೇವೆ ಕೊಡುವ ಕಂಪನಿ ಈ ದಾಖಲೆ ಪರೀಕ್ಷಿಸಿ ತಪ್ಪಿದ್ದನ್ನು ತಿರಸ್ಕರಿಸುತ್ತದೆಯೇ ಎಂಬುದು ಇಬ್ಬರಲ್ಲಿ ಒಬ್ಬರನ್ನು ಆರಿಸುವಾಗ ಒಳ್ಳೆಯ ಮಾನದಂಡ.

2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ತನ್ನದೇ ತಪ್ಪು ಆದೇಶದಿಂದ ಸುಮಾರು ಆರು ಗಂಟೆ ಅಂತರ್ಜಾಲದಿಂದ ಮರೆಯಾದಾಗ, ಸರಿಪಡಿಸುವ ಉಪಕರಣಗಳೂ ಬಿದ್ದ ಜಾಲದ ಮೇಲೇ ಇದ್ದವು. ರಾಜರ್ಸ್‌ನಲ್ಲೂ ಎಂಜಿನಿಯರ್‌ಗಳಿಗೆ ಆದದ್ದು ಇದೇ. ರೂಟರ್‌ಗಳ ಕನ್ಸೋಲ್‌ಗೆ (ನೇರವಾಗಿ ನಿಯಂತ್ರಿಸುವ ಕಿಂಡಿ) ಬೇರೆ ಕಂಪನಿಯ ಸಿಮ್ ಇರುವ ಪ್ರತ್ಯೇಕ ಮೋಡೆಮ್ ಜೋಡಿಸಿ. ಪಾಸ್‌ವರ್ಡ್ ಮತ್ತು ಜಾಲದ ನಕ್ಷೆಯ ಕಾಗದದ ಪ್ರತಿ ಮೊಹರು ಮಾಡಿದ ಲಕೋಟೆಯಲ್ಲಿರಲಿ. ಬಾಗಿಲ ಬೀಗ ನೆಟ್‌ವರ್ಕ್ ಇಲ್ಲದೆಯೂ ತೆರೆಯಬೇಕು.

ಕರೆಂಟು, ಗಡಿಯಾರ

ಮೇಲಿನ ಯಾವ ಆಯ್ಕೆಯೂ ವಿದ್ಯುತ್ ಇಲ್ಲದೆ ನಡೆಯದು. ಎರಡೂ ಲೈನಿನ ಉಪಕರಣ ಒಂದೇ ಯುಪಿಎಸ್‌ಗೆ ಚುಚ್ಚಿದ್ದರೆ ಮಾಡಿದ್ದೆಲ್ಲ ವ್ಯರ್ಥ. ಲೆಡ್ ಆಸಿಡ್ ಬ್ಯಾಟರಿಯ ಆಯಸ್ಸು 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಅರ್ಧವಾಗುತ್ತದೆ, ಸೆಕೆಯ ಗೂಡಿನಲ್ಲಿಟ್ಟವು ಕೊಂಡ ಮೂರೇ ವರ್ಷಕ್ಕೆ ಸಾಯುವುದು ಹೀಗೆ. ಜನರೇಟರನ್ನು ತಿಂಗಳಿಗೊಮ್ಮೆ 30 ನಿಮಿಷ, ಸಾಮರ್ಥ್ಯದ ಶೇ 30ಕ್ಕಿಂತ ಕಡಿಮೆಯಿಲ್ಲದ ಲೋಡ್ ಕೊಟ್ಟು ಓಡಿಸಿ. ಬರೀ ಖಾಲಿ ಓಡಿಸಿದರೆ ಸುಡದ ಡೀಸೆಲ್ ಕಟ್ಟಿಕೊಂಡು, ಬೇಕಾದ ದಿನ ಹೊಗೆ ಉಗುಳಿ ನಿಲ್ಲುತ್ತದೆ. ಅದನ್ನು ನೆಲಮಾಳಿಗೆಯಲ್ಲಿ ಇಡಬೇಡಿ.

ಗಡಿಯಾರದ ಕಡೆ ಹೆಚ್ಚಿನವರ ಗಮನ ಹೋಗುವುದಿಲ್ಲ. ಈಗಿನ 4ಜಿ, 5ಜಿ ಟವರ್‌ಗಳಲ್ಲಿ ಬಹಳಷ್ಟು 1.5 ಮೈಕ್ರೋಸೆಕೆಂಡಿನೊಳಗೆ ಒಂದೇ ಸಮಯ ಇಟ್ಟುಕೊಳ್ಳಬೇಕು, ಅದನ್ನು ತೆಗೆದುಕೊಳ್ಳುವುದು ಜಿಪಿಎಸ್‌ನಿಂದ. ಜಿಪಿಎಸ್ ಸಿಗ್ನಲ್‌ಗೆ ಅಡ್ಡಿ ಮಾಡಿದರೆ ಒಳ್ಳೆಯ ಕ್ವಾರ್ಟ್ಜ್ ಗಡಿಯಾರ ಕೆಲವು ಗಂಟೆ ತಡೆಯುತ್ತದೆ, ರುಬಿಡಿಯಂ ಪರಮಾಣು ಗಡಿಯಾರ ಅದಕ್ಕಿಂತ ಬಹಳ ಹೆಚ್ಚು. ಸ್ವಂತ ರೇಡಿಯೋ ಜಾಲ ಕಟ್ಟುವವರು ಟೆಂಡರ್‌ನಲ್ಲಿ ‘ಜಿಪಿಎಸ್ ಇಲ್ಲದೆ ಎಷ್ಟು ಗಂಟೆ’ ಎಂದು ಬರೆಸಲೇಬೇಕು.

ಯಾರಿಗೆ ಯಾವುದು

ನಗರದ ಆಸ್ಪತ್ರೆಗೆ ನಮ್ಮ ಸಲಹೆ: ಬೇರೆ ಎಕ್ಸ್‌ಚೇಂಜಿನ ಎರಡನೇ ಫೈಬರ್, ತಗ್ಗಿನ ಕಕ್ಷೆಯ ಒಂದು ಡಿಶ್, ಆದ್ಯತೆಯ ಸಿಮ್‌ಗಳು. ಹಣ ಒಂದಕ್ಕೇ ಸಾಲುವುದಾದರೆ ಡಿಶ್. ಎರಡನೇ ಫೈಬರ್ ಎಷ್ಟೇ ಬೇರೆಯಾದರೂ ಅದೇ ಊರಿನ ನೆಲದಲ್ಲಿದೆ. ಅಣೆಕಟ್ಟು, ಸಬ್‌ಸ್ಟೇಷನ್‌ಗಳಿಗೆ ಕಳಿಸಬೇಕಾದ ದತ್ತಾಂಶ ಕಡಿಮೆ, ನಿಲ್ಲದಿರುವುದು ಮುಖ್ಯ: ಮೈಕ್ರೋವೇವ್ ಜೊತೆಗೆ ಎಲ್-ಬ್ಯಾಂಡ್. ದ್ವೀಪಗಳಿಗೆ ಎರಡನೇ ಕೇಬಲ್ ಬರುವತನಕ ಭೂಸ್ಥಿರ ಮತ್ತು ತಗ್ಗಿನ ಕಕ್ಷೆಯ ಸೇವೆ ಎರಡೂ, ಬೇರೆ ಬೇರೆ ಕಂಪನಿಯವು. ಜಿಲ್ಲೆ, ಪ್ರಾಂತ್ಯಗಳ ನಿಯಂತ್ರಣ ಕೊಠಡಿ ಮತ್ತು ರಕ್ಷಣಾ ಠಾಣೆಗಳಿಗೆ ಮೇಲಿನದರ ಜೊತೆಗೆ ಎಚ್‌ಎಫ್ ಇರಲೇಬೇಕು, ಅದನ್ನು ಬಳಸಬಲ್ಲ ಕನಿಷ್ಠ ಮೂವರು ಬೇರೆ ಬೇರೆ ಪಾಳಿಯಲ್ಲಿರಬೇಕು.

ಕೊಂಡ ಮೇಲೆ ಆರು ತಿಂಗಳಿಗೊಮ್ಮೆ, ಕೆಲಸದ ದಿನವೇ, ಮೊದಲೇ ತಿಳಿಸಿ ಮುಖ್ಯ ಲೈನಿನ ಕೇಬಲನ್ನು ಕೈಯಿಂದ ಕಿತ್ತು ನಾಲ್ಕು ಗಂಟೆ ಹಾಗೇ ಬಿಡಿ. ತಂತ್ರಾಂಶದಲ್ಲಿ ‘ಆಫ್’ ಮಾಡುವುದು ಸಾಲದು. ಕಿತ್ತಾಗ ಮಾತ್ರ ಕಾಣುವ ದೋಷಗಳಿವೆ. ಬದಲಿಗೆ ಹೊರಳಲು ಎಷ್ಟು ಸೆಕೆಂಡ್ ಹಿಡಿಯಿತು, ಯಾವ ಫೋನ್ ಮೂಕವಾಯಿತು, ಯಾವ ಪರದೆ ಹೆಪ್ಪುಗಟ್ಟಿತು, ಯಾರು ಯಾರ ನಂಬರ್ ಹುಡುಕಾಡಿದರು ಎಂದು ಒಬ್ಬರು ಬರೆದುಕೊಳ್ಳುತ್ತಾ ಕೂರಬೇಕು. ನಾಲ್ಕನೇ ಗಂಟೆಯಲ್ಲಿ ಕಟ್ಟಡದ ಮುಖ್ಯ ವಿದ್ಯುತ್ತನ್ನೂ ತೆಗೆಯಿರಿ. ಜೀವರಕ್ಷಕ ಯಂತ್ರಗಳಿರುವ ಕಡೆ ಅವುಗಳ ಫೀಡರ್ ಮುಟ್ಟದೆ, ಸಂಪರ್ಕ ಕೊಠಡಿಯದನ್ನು ಮಾತ್ರ. ಆ ದಿನದ ಬರಹವೇ ಮುಂದಿನ ಖರೀದಿಯ ಪಟ್ಟಿ.